ದ್ರಾಕ್ಷಿ ತೋಟದೊಳಗೆ ನಾಲ್ಕು ಅತಿಥಿ ಕೋಣೆ: ಮಣ್ಣಿನ ಇಟ್ಟಿಗೆ, ಮಳೆನೀರು, ಪಡುವಣ ಬಿಸಿಲು
(ಪ್ರಶ್ನೋತ್ತರ. ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು.)

ತೋಟದಮನೆ:
ದೊಡ್ಡಬಳ್ಳಾಪುರದ ಕಡೆ, ನಂದಿಬೆಟ್ಟದ ತಪ್ಪಲು. ಹಳೆ ಬೆಂಗಳೂರು ನೀಲಿ ಚಪ್ಪರ ತೆಗೆದು ಈಗ ತಂತಿ ಸಾಲಿನಲ್ಲಿ ಶಿರಾಜ್ ಎಂಬ ವೈನ್ ದ್ರಾಕ್ಷಿ ಇದೆ. ಪೂರ್ವದ ಅಂಚಿನ ಬಂಡೆ ಜಾಗದಲ್ಲಿ ನಾಲ್ಕು ಕೋಣೆ ಕಟ್ಟಬೇಕು. ಒಟ್ಟು 160 ಚದರ ಮೀಟರ್ ಸೂರು, ತುಂಬಿದರೆ 8 ಜನ. ಮೂರು ಪ್ರಶ್ನೆ: ಇಲ್ಲಿನ ಕೆಮ್ಮಣ್ಣಿನಲ್ಲೇ ಸಿಮೆಂಟ್ ಬೆರೆಸಿದ ಒತ್ತಿಟ್ಟಿಗೆ (ಸುಡದೆ, ಅಚ್ಚಿನಲ್ಲಿ ಒತ್ತಿ ಮಾಡುವ ಇಟ್ಟಿಗೆ) ಮಾಡಬಹುದೇ? ಬೋರ್‌ವೆಲ್ ನೆಚ್ಚದೆ ಮಳೆನೀರಲ್ಲೇ ನಡೆಸಬಹುದೇ? ಬಳ್ಳಿ ಸಾಲು ಕಾಣುವುದು ಪಶ್ಚಿಮಕ್ಕೆ. ಅಲ್ಲಿಗೆ ಪೂರ್ತಿ ಗಾಜು ಹಾಕಿ, ನೆರಳಿಗೆ ಬಳ್ಳಿ ಹಬ್ಬಿಸಿದರೆ ಸಾಕೇ? ಚಪ್ಪರದ ಕಲ್ಲುಕಂಬಗಳು 7 ಅಡಿಯವು, ನೂರಕ್ಕೂ ಹೆಚ್ಚು ಉಳಿದಿವೆ.

ಒತ್ತಿಟ್ಟಿಗೆ:
ಮಾಡಬಹುದು, ಆದರೆ ಮಣ್ಣನ್ನು ಹಾಗೇ ಬಳಸಬೇಡಿ. ಮೇಲಿನ ಒಂದು ಅಡಿ ಮಣ್ಣಿನಲ್ಲಿ ಬೇರು, ಗೊಬ್ಬರದ ಅಂಶ ಇರುತ್ತದೆ. ಅದನ್ನು ಬಳ್ಳಿ ಸಾಲಿಗೆ ಹರಡಿ, ಅದರ ಕೆಳಗಿನದನ್ನು ತೆಗೆಯಿರಿ. ಒಂದು ಲೀಟರ್ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಚಿಟಿಕೆ ಉಪ್ಪು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ. ಮರಳು ಒಂದು ನಿಮಿಷದಲ್ಲಿ ಕೂರುತ್ತದೆ, ಜೇಡಿ ಮರುದಿನ ಬೆಳಿಗ್ಗೆ ಮೇಲಿನ ನುಣುಪು ಪದರವಾಗಿ ಕಾಣುತ್ತದೆ. ಇದು ಅಂದಾಜಿಗೆ ಮಾತ್ರ. ದೊಡ್ಡ ಕೆಲಸಕ್ಕೆ ಲ್ಯಾಬ್ ಪರೀಕ್ಷೆ ಮಾಡಿಸಿ. ಜೇಡಿ 10-15% ಇರಬೇಕು. ನಿಮ್ಮಲ್ಲಿ 28% ಬಂದರೆ ಒಂದು ಲೋಡ್ ಮಣ್ಣಿಗೆ ಒಂದು ಲೋಡ್ ಕಲ್ಲುಪುಡಿ ಬೆರೆಸಿ, 14ಕ್ಕೆ ಇಳಿಯುತ್ತದೆ. ಜೇಡಿ ಹೆಚ್ಚಾದರೆ ಇಟ್ಟಿಗೆ ಒಣಗುವಾಗ ಕೂದಲೆಳೆಯಂತೆ ಬಿರಿಯುತ್ತದೆ, ಮಳೆಗಾಲದಲ್ಲಿ ಆ ಬಿರುಕಿನಿಂದಲೇ ಅಂಚು ಉದುರುತ್ತದೆ.

230×190×100 ಮಿಮೀ ಅಚ್ಚಾದರೆ ಸಿಮೆಂಟ್ 7%. ನೀರು ಸರಿಯಿದೆಯೇ ನೋಡಲು ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿ ಉಂಡೆ ಮಾಡಿ ಎದೆಮಟ್ಟದಿಂದ ಬಿಡಿ. ನಾಲ್ಕೈದು ಚೂರಾದರೆ ಹದ. ಪುಡಿಯಾದರೆ ನೀರು ಸಾಲದು, ಉಂಡೆಯಾಗೇ ಉಳಿದರೆ ಹೆಚ್ಚಾಗಿದೆ. ಪ್ರತಿ ಇಟ್ಟಿಗೆಗೂ ಸುಮಾರು 8.7 ಕೆಜಿ ಹಸಿ ಮಿಶ್ರಣ ತೂಗಿಯೇ ಹಾಕಿಸಿ. ಬುಟ್ಟಿಯ ಲೆಕ್ಕಕ್ಕೆ ಬಿಟ್ಟರೆ ಮಧ್ಯಾಹ್ನದ ಮೇಲಿನ ಇಟ್ಟಿಗೆಗಳು ಹಗುರ, ಅಂದರೆ ದುರ್ಬಲ. ನೀರು ಬೆರೆಸಿದ ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು. ಆಮೇಲೆ ಗೋಣಿಚೀಲ ಹೊದಿಸಿ 21 ದಿನ ತೇವ. ಇಟ್ಟಿಗೆ ಹಾಳಾಗುವುದು ಹೆಚ್ಚಾಗಿ ಇಲ್ಲೇ, ಮೂರನೇ ದಿನಕ್ಕೇ ನೀರು ನಿಲ್ಲಿಸಿಬಿಡುತ್ತಾರೆ.

190 ಮಿಮೀ ಗೋಡೆಗೆ ಚದರ ಮೀಟರಿಗೆ 38 ಇಟ್ಟಿಗೆ. 200 ಚದರ ಮೀಟರ್ ಗೋಡೆಗೆ ಒಡಕು ಸೇರಿ 8,000. ಸಿಮೆಂಟ್ 90 ಮೂಟೆ. ಗಾರೆಗೆ 1:2:6, ಅಂದರೆ ಸಿಮೆಂಟ್, ಮಣ್ಣು, ಮರಳು. ಗಾರೆ ಇಟ್ಟಿಗೆಗಿಂತ ಗಟ್ಟಿಯಾದರೆ ಬಿರುಕು ಸಂದಿಯಲ್ಲಿ ನಿಲ್ಲದೆ ಇಟ್ಟಿಗೆಯನ್ನೇ ಸೀಳುತ್ತದೆ. ನೆಲದಿಂದ ಒಂದೂವರೆ ಅಡಿ ಸೈಜುಗಲ್ಲು, ಸೂರು ಎರಡು ಅಡಿ ಮುಂದಕ್ಕೆ. ಇವೆರಡಿದ್ದರೆ ಹೊರಗೆ ಪ್ಲಾಸ್ಟರ್ ಬೇಡ. ಪಾಯ ತೆಗೆಯುವ ಮೊದಲು ಕೃಷಿ ಜಮೀನಿನ ಭೂಪರಿವರ್ತನೆ ಆಗಿರಲಿ.

ಬಳ್ಳಿಬೇಲಿ:
ಗೋಡೆಗಿಂತ ಮೊದಲು ಸಿಂಪಡಣೆಯ ಬಗ್ಗೆ ಯೋಚಿಸಿ, ದಯವಿಟ್ಟು. ಅಕ್ಟೋಬರ್ ಸವರಿಕೆಯ ನಂತರ ಹಿಂಗಾರು ಮಳೆ ಬಿದ್ದರೆ ಬೂಜುತುಪ್ಪಟ ರೋಗಕ್ಕೆ ಬೋರ್ಡೋ ಹೊಡೆಯಲೇಬೇಕು. 1% ಬೋರ್ಡೋ ಎಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅದರ ಮಂಜು ಹೆಂಚಿನ ಮೇಲೆ ಕೂತು ಮುಂದಿನ ಮಳೆಗೆ ಮಳೆನೀರಿನ ಸಂಪಿನೊಳಗೆ (ನೆಲದಡಿಯ ತೊಟ್ಟಿ) ಇಳಿಯುತ್ತದೆ. ನೀರು ಹಿಡಿಯಲು ಸೂರಿನಂಚಿಗೆ ಸತು ಲೇಪದ ತಗಡಿನ ದೋಣಿ ಹಾಕಿದ್ದರೆ ತಾಮ್ರ ಆ ಲೇಪವನ್ನು ತಿಂದು ತೂತು ಮಾಡುತ್ತದೆ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ದೋಣಿಯೇ ಇರಲಿ. ಸಿಂಪಡಿಸುವ ದಿನ ಸಂಪಿನ ವಾಲ್ವ್ ಮುಚ್ಚಿ, ನಂತರದ ಮೊದಲ ದೊಡ್ಡ ಮಳೆ ಪೂರ್ತಿ ಹೊರಗೆ ಹೋಗಲಿ. ಉಳಿದ ಕಾಲದಲ್ಲೂ ಪ್ರತಿ ಮಳೆಯ ಮೊದಲ 300 ಲೀಟರ್ ಬಿಟ್ಟು ಹಿಡಿಯಿರಿ. ಹಾಗೆ ಹಿಡಿದ ನೀರು ಸ್ನಾನಕ್ಕೆ, ಶೌಚಕ್ಕೆ. ಕುಡಿಯಲು ಬೇರೆ ವ್ಯವಸ್ಥೆ ಮಾಡಿ.

ಜಾಗ ಪೂರ್ವದ ಅಂಚಿನಲ್ಲಿರುವುದು ಒಳ್ಳೆಯದು, ಹಿಂಗಾರಿನಲ್ಲಿ ಗಾಳಿ ಮೂಡಣದಿಂದ ಬೀಸುವುದರಿಂದ ಮಂಜು ಮನೆಯಿಂದ ಆಚೆ ಹೋಗುತ್ತದೆ. ಆದರೂ ಮೊದಲ ಸಾಲಿಗೂ ಕೋಣೆಗೂ 15-20 ಮೀಟರ್ ಬಿಟ್ಟು ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ದಟ್ಟ ಬೇಲಿ ಹಾಕಿ. ಸವರಿದ ಮೇಲೆ ಚಿಗುರು ಒಡೆಯಲೆಂದು ಹಚ್ಚುವ ಹೈಡ್ರೋಜನ್ ಸೈನಮೈಡ್ ಮೈಗೆ ಸೋಕಿದವರು ಮದ್ಯ ಕುಡಿದರೆ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಾಗಿ ಅಪಾಯವಾಗುತ್ತದೆ. ವೈನ್ ಕೊಡುವ ಜಾಗವಿದು. ಆ ದಿನಗಳಲ್ಲಿ ಬುಕಿಂಗ್ ಬೇಡವೇ ಬೇಡ.

ನೀರಿನ ಲೆಕ್ಕ ಹೀಗೆ: ವರ್ಷಕ್ಕೆ 750 ಮಿಮೀ ಮಳೆ ಹಿಡಿದು, 20% ನಷ್ಟ ಕಳೆದರೆ 96,000 ಲೀಟರ್. ತಲೆಗೆ 135 ಲೀಟರಿನಂತೆ 8 ಜನಕ್ಕೆ ದಿನಕ್ಕೆ 1,080. ಅಂದರೆ 89 ದಿನ. ವಾರಾಂತ್ಯ ಮಾತ್ರ ತೆರೆದರೂ 104 ದಿನ ಆಗುತ್ತದೆ, ಸ್ವಲ್ಪ ಸಾಲದು. ಶೌಚಕ್ಕೆ ಶುದ್ಧೀಕರಿಸಿದ ಕೊಳೆನೀರು ಬಳಸಿದರೆ ಸರಿಹೋಗುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ದಾಟಿಸಲು 50,000 ಲೀಟರ್ ಸಂಪು ಬೇಕು, ಒಳ ಅಳತೆ 5×4×2.5 ಮೀಟರ್.

ತೋಟದಮನೆ:
ಸಿಂಪಡಣೆಯ ವಿಷಯ ನಕ್ಷೆಯಲ್ಲಿ ಎಲ್ಲೂ ಇರಲಿಲ್ಲ ಮೇಡಂ, ತುಂಬಾ ಉಪಕಾರ. ಪಶ್ಚಿಮದ ಗಾಜು? ಮತ್ತೆ ಕೊಳೆನೀರು?

ಕಲ್ಲುಚಪ್ಪರ:
ಬಳ್ಳಿಯ ನೆರಳು ನಂಬಬೇಡಿ ಸರ್. ಏಪ್ರಿಲ್‌ನಲ್ಲಿ ಸವರುತ್ತೀರಿ, ಬಿಸಿಲು ಹೆಚ್ಚಿರುವಾಗಲೇ ಚಪ್ಪರ ಬೋಳು. ಹೆಂಚಿನ ಜಗಲಿಯೇ ಬೇಕು, ಅಗಲ 2.4 ಮೀಟರ್. ಏಪ್ರಿಲ್ ಸಂಜೆ 4ಕ್ಕೆ ಸೂರ್ಯ ಸುಮಾರು 35 ಡಿಗ್ರಿ ಎತ್ತರದಲ್ಲಿ ಇರುತ್ತಾನೆ, ಆಗ ಸೂರಿನಿಂದ ಕೆಳಗೆ 1.7 ಮೀಟರ್‌ವರೆಗೆ ಗೋಡೆ ನೆರಳಲ್ಲಿ. 5ರ ಮೇಲೆ ಬಿಸಿಲು ಒಳಕ್ಕೆ ಇಣುಕುತ್ತದೆ, ಅದಕ್ಕೆ ಬಿದಿರ ತಟ್ಟಿ. ಗಾಜು ಗೋಡೆಯ ಮೂರನೇ ಒಂದು ಪಾಲಿಗೆ ನಿಲ್ಲಲಿ.

ಜಗಲಿಗೆ ನಿಮ್ಮ ಕಲ್ಲುಕಂಬಗಳೇ ಸಾಕು. ಒಂದೊಂದನ್ನೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಠಣ್ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಒಳಗೆ ಸೀಳಿದೆ, ಬದಿಗಿಡಿ. ತಂತಿಗೆ ಕೊರೆದ ತೂತಿನ ಹತ್ತಿರ ಹೆಚ್ಚು ಗಮನವಿರಲಿ. ಎರಡು ಅಡಿ ಹೂತರೆ ಎತ್ತರ ಸಾಲದು, ಒಂದಡಿ ಕಲ್ಲುಪೀಠದ ಮೇಲೆ ಉಕ್ಕಿನ ಗೂಟ ಕೂರಿಸಿ ನಿಲ್ಲಿಸಿ. ಕಲ್ಲು ಭಾರ ಹೊರುತ್ತದೆ, ಬಾಗಿಸುವ ಬಲ ತಡೆಯುವುದಿಲ್ಲ. ಹಾಗಾಗಿ ಮೇಲ್ತುದಿಯ ತೊಲೆಯನ್ನು ಗೋಡೆಗೆ ಬಿಗಿಯಲೇಬೇಕು.

ಕೊಳೆನೀರಿಗೆ ಎರಡು ಕೋಣೆಯ ಸೆಪ್ಟಿಕ್ ಟ್ಯಾಂಕ್, ನಂತರ 2×6 ಮೀಟರ್ ಜಲ್ಲಿ ಹಾಸು, ಆಳ 60 ಸೆಂಮೀ, ಮೇಲೆ ಜೊಂಡು. ನೀರು ಒಳಬರುವ ಕಡೆ ಮುಷ್ಟಿಗಾತ್ರದ ಕಲ್ಲು, ನಡುವೆ 10-20 ಮಿಮೀ ಜಲ್ಲಿ. ಅಡುಗೆಮನೆ ನೀರು ಜಿಡ್ಡಿನ ತೊಟ್ಟಿ ದಾಟದೆ ಬಂದರೆ ಜಲ್ಲಿ ಕಟ್ಟಿಕೊಳ್ಳುತ್ತದೆ, ಆಮೇಲೆ ಪೂರ್ತಿ ಅಗೆದು ತೊಳೆಯಬೇಕು. ಹೊರಹೋಗುವ ಕೊಳವೆಗೆ ತಿರುಗಿಸಬಹುದಾದ ಎಲ್ಬೋ ಹಾಕಿ ನೀರಿನ ಮಟ್ಟ ಜಲ್ಲಿಗಿಂತ 5-10 ಸೆಂಮೀ ಕೆಳಗಿರುವಂತೆ ನೋಡಿಕೊಳ್ಳಿ. ನೀರು ಮೇಲೆ ಕಂಡರೆ ಸೊಳ್ಳೆ ಮೊಟ್ಟೆ ಇಡುತ್ತದೆ.