ಲಂಡನ್–ನ್ಯೂಯಾರ್ಕ್: ಹೋಗೋಕೆ 8 ಗಂಟೆ, ಬರೋಕೆ 7 ಗಂಟೆ ಯಾಕೆ?

ಪ್ರಶ್ನೆ
ಲಂಡನ್‌ನಿಂದ ನ್ಯೂಯಾರ್ಕ್‌ಗೆ ಒಂದು ಕಡೆ 5,540 ಕಿ.ಮೀ. ಅಂತಿದೆ, ಇನ್ನೊಂದು ಕಡೆ 5,570. ಗಂಟೆಗೆ 900 ಕಿ.ಮೀ. ವೇಗ ಹಿಡಿದರೆ ಆರೂಕಾಲು ಗಂಟೆಯೊಳಗೆ ತಲುಪಬೇಕು. ಟಿಕೆಟ್‌ನಲ್ಲಿ ಹೋಗೋಕೆ ಸುಮಾರು 8, ಬರೋಕೆ 7 ಗಂಟೆ. ಯಾವುದು ಸರಿ? ದೂರವನ್ನು ನಾವೇ ಲೆಕ್ಕ ಹಾಕಬಹುದಾ?

ಉತ್ತರ 1
ಎರಡೂ ದೂರ ಸರಿ. 5,570 ನಗರದ ನಡುವಿನಿಂದ ನಗರದ ನಡುವಿಗೆ, 5,540 ಹೀಥ್ರೂ ನಿಲ್ದಾಣದಿಂದ ಕೆನಡಿ ನಿಲ್ದಾಣಕ್ಕೆ.

ಲೆಕ್ಕ ಹೀಗೆ: ಲಂಡನ್ ಅಕ್ಷಾಂಶ 51.5, ನ್ಯೂಯಾರ್ಕ್ 40.7, ರೇಖಾಂಶಗಳ ವ್ಯತ್ಯಾಸ 73.9 ಡಿಗ್ರಿ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ (0.510). ಅವೇ ಅಕ್ಷಾಂಶಗಳ ಕೊಸೈನ್‌ಗಳನ್ನೂ 73.9ರ ಕೊಸೈನ್ ಅನ್ನೂ ಗುಣಿಸಿ (0.131). ಕೂಡಿದರೆ 0.641. ಇದರ ವಿಲೋಮ ಕೊಸೈನ್ ಸುಮಾರು 50.1 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ., ಗುಣಿಸಿದರೆ 5,570 ಬಂತು. ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್‌ನಲ್ಲಿದ್ದರೆ (ಕೋನದ ಇನ್ನೊಂದು ಅಳತೆ) ಉತ್ತರ ಪೂರ್ತಿ ಹಾಳು, ಮೊದಲು ಅದನ್ನೇ ನೋಡಿ. ಒಂದು ಊರು ಪೂರ್ವ ರೇಖಾಂಶ, ಇನ್ನೊಂದು ಪಶ್ಚಿಮ ಆದರೆ ಕಳೆಯುವ ಬದಲು ಕೂಡಬೇಕು.

ಗೋಡೆ ನಕಾಶೆಯ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಗೋಳದ ಮೇಲಿನ ಹತ್ತಿರದ ದಾರಿ ಲಂಡನ್‌ನಿಂದ ಮೊದಲು ವಾಯವ್ಯಕ್ಕೆ ಹೊರಟು ಐರ್ಲೆಂಡ್ ದಾಟಿ, ನ್ಯೂಫೌಂಡ್‌ಲ್ಯಾಂಡ್ ಕಡೆ ಇಳಿಯುತ್ತದೆ. ಚಪ್ಪಟೆ ನಕಾಶೆಯಲ್ಲಿ ಅದು ಸುತ್ತುದಾರಿಯಂತೆ ಕಾಣುತ್ತದೆ, ಅಷ್ಟೇ.

ಉತ್ತರ 2
ಸಮಯದ ವಿಷಯಕ್ಕೆ ಬಂದರೆ, ಟಿಕೆಟ್‌ನಲ್ಲಿರೋದು ಗೇಟ್ ಬಿಟ್ಟಲ್ಲಿಂದ ಗೇಟ್ ಸೇರುವವರೆಗಿನ ಅವಧಿ. ರನ್‌ವೇವರೆಗಿನ ಓಡಾಟ, ಸರದಿ, ಏರಿಕೆ, ಇಳಿಕೆ ಎಲ್ಲ ಅದರಲ್ಲೇ ಸೇರಿದೆ. ಹಾಗಾಗಿ ದೂರವನ್ನು ವೇಗದಿಂದ ಭಾಗಿಸಿ ಬಂದದ್ದಕ್ಕೆ ಅರ್ಧ ಗಂಟೆಯಾದರೂ ಸೇರಿಸಿ.

ಒಂದು ಗಂಟೆಯ ವ್ಯತ್ಯಾಸ ಗಾಳಿಯದು. 9–12 ಕಿ.ಮೀ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಜೋರು. 900 ಅನ್ನೋದು ಗಾಳಿಯೊಳಗಿನ ವೇಗ, ನೆಲದ ಮೇಲಿನದಲ್ಲ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು ಈ ಗಾಳಿ ಹಿಡಿದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂತು. ಪಶ್ಚಿಮಕ್ಕೆ ಹೋಗುವಾಗ ಗಾಳಿ ತಪ್ಪಿಸಲು ಕೆಲವು ದಿನ ಇನ್ನೂ ಉತ್ತರಕ್ಕೆ ಸರಿದು ಹಾರುತ್ತಾರೆ. ದೂರ ಹೆಚ್ಚಾದರೂ ಇಂಧನ, ಸಮಯ ಎರಡೂ ಉಳಿಯುತ್ತದೆ.

ಪ್ರಶ್ನೆ ಕೇಳಿದವರು
ಹೋಗಿ ಬರುವ ಒಟ್ಟು ಲೆಕ್ಕದಲ್ಲಿ ಗಾಳಿ ಸರಿದೂಗುತ್ತಲ್ವಾ?

ಉತ್ತರ 2
ಇಲ್ಲ. ಗಂಟೆಗೆ 150 ಕಿ.ಮೀ. ಗಾಳಿ ಅಂದುಕೊಳ್ಳಿ. ಎದುರಾದರೆ 5,540ನ್ನು 750ರಿಂದ ಭಾಗಿಸಿ: 7 ಗಂಟೆ 23 ನಿಮಿಷ. ಹಿಂದಿನಿಂದ ಬಂದರೆ 1,050: 5 ಗಂಟೆ 17 ನಿಮಿಷ. ಒಟ್ಟು 12 ಗಂಟೆ 40 ನಿಮಿಷ. ಗಾಳಿಯೇ ಇಲ್ಲದಿದ್ದರೆ 12 ಗಂಟೆ 19 ನಿಮಿಷ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತೀರಿ, ಅದಕ್ಕೇ ಈ 21 ನಿಮಿಷದ ನಷ್ಟ.

ಉತ್ತರ 3
ಟಿಕೆಟ್‌ನಲ್ಲಿರುವ ಎರಡೂ ಹೊತ್ತು ಆಯಾ ಊರಿನ ಗಡಿಯಾರದ್ದು. ಲಂಡನ್ 5 ಗಂಟೆ ಮುಂದೆ. ಬೆಳಿಗ್ಗೆ 10ಕ್ಕೆ ಹೊರಟು ಮಧ್ಯಾಹ್ನ 1ಕ್ಕೆ ಇಳಿದರೆ ಪ್ರಯಾಣ 3 ಗಂಟೆಯದಲ್ಲ, 8 ಗಂಟೆಯದು. ಸಂಜೆ 7ಕ್ಕೆ ಹೊರಟು ಮರುದಿನ ಬೆಳಿಗ್ಗೆ 7ಕ್ಕೆ ಇಳಿದರೆ 12ರಲ್ಲಿ 5 ಕಳೆಯಿರಿ, 7.

ಮಾರ್ಚ್‌ನಲ್ಲಿ ಹುಷಾರು: ಅಮೆರಿಕ ಎರಡನೇ ಭಾನುವಾರವೇ ಗಡಿಯಾರ ಮುಂದಿಡುತ್ತದೆ, ಬ್ರಿಟನ್ ಕೊನೆಯ ಭಾನುವಾರ. ನಡುವಿನ ದಿನಗಳಲ್ಲಿ ವ್ಯತ್ಯಾಸ 4 ಗಂಟೆ ಮಾತ್ರ. ಅಕ್ಟೋಬರ್ ಕೊನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೂ ಹಾಗೇ. ನ್ಯೂಯಾರ್ಕ್‌ನಲ್ಲಿ ಇಳಿದ ಮೇಲೆ ಮುಂದಿನ ವಿಮಾನಕ್ಕೆ ಒಂದೂವರೆ ಗಂಟೆ ಬಿಡುವಿದೆ ಅಂತ 5 ಗಂಟೆ ಹಿಡಿದು ಲೆಕ್ಕ ಹಾಕಿದವರಿಗೆ ಆ ವಾರಗಳಲ್ಲಿ ಅರ್ಧ ಗಂಟೆಯಷ್ಟೇ ಉಳಿದೀತು.