ಲಿವರ್ ಕಸಿ ಆಗಿ 7 ತಿಂಗಳು, ಮತ್ತೆ ರೈಸ್ ಮಿಲ್‌ಗೆ ಹೋಗಬಹುದಾ?

ಗಂಗಾವತಿ ಸೋನಾ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಲಿವರ್ ಕಸಿ ಆಯಿತು, ಲಿವರಿನ ಒಂದು ಭಾಗ ಕೊಟ್ಟಿದ್ದು ನನ್ನ ಹೆಂಡತಿ. ರಿಪೋರ್ಟ್ ಚೆನ್ನಾಗಿವೆ, ಆದರೆ ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿದೆ. ಮಿಲ್‌ನಲ್ಲಿ ಭತ್ತ ಇಳಿಸುವ ಕಡೆ ನಿಂತು ಲೆಕ್ಕ ಬರೆಯೋದು ನನ್ನ ಕೆಲಸ. ಸುಗ್ಗಿ ಬಂತು, ಮಾಲೀಕರು ಎರಡು ಸಲ ಫೋನ್ ಮಾಡಿದರು. ಹೆಂಡತಿ ಸುತಾರಾಂ ಬೇಡ ಅನ್ನುತ್ತಾಳೆ. ಪೆನ್ ಹಿಡಿದರೆ ಕೈ ನಡುಗುತ್ತೆ, ಅದು ಬೇರೆ. ನೋಡೋಕೆ ಬಂದವರೆಲ್ಲ ಒಂದೊಂದು ಔಷಧಿ ಹೇಳುತ್ತಾರೆ, ನಮ್ಮ ಮಾವ ಅಂತೂ ಅಮೃತಬಳ್ಳಿ ತಂದು ಅಂಗಳದಲ್ಲಿ ನೆಟ್ಟೇ ಬಿಟ್ಟಿದ್ದಾರೆ. ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ ತಿನ್ನಬಹುದಾ?

ರಾಯಚೂರು ಬಿಸಿಲು:
ಅಣ್ಣ, ನನಗೆ ಕಸಿ ಆಗಿ 6 ವರ್ಷ. ಕೆಲಸಕ್ಕೆ ಹೋಗಿ, ಆದರೆ ಆ ಜಾಗಕ್ಕೆ ಬೇಡ. ಭತ್ತದ ಧೂಳು, ಹೊಟ್ಟಿನಲ್ಲಿ ಬೂಷ್ಟು ಇರುತ್ತೆ, ಮಾತ್ರೆಗಳಿಂದ ರೋಗ ತಡೆಯುವ ಶಕ್ತಿ ಕಮ್ಮಿಯಾದ ನಮ್ಮಂಥವರಿಗೆ ಅದು ಶ್ವಾಸಕೋಶಕ್ಕೆ ಇಳಿದರೆ ಕಷ್ಟ. ಒಳಗೆ ಆಫೀಸಲ್ಲಿ ಬಿಲ್ ಕೆಲಸ ಕೊಡಿ ಅಂತ ಕೇಳಿ. ಚೀಲ ಮಾತ್ರ ಎತ್ತಬೇಡಿ, ಹೊಲಿಗೆ ಹಾಕಿದ ಕಡೆ ಹರ್ನಿಯಾ ಆಗಬಹುದು. ಕೈ ನಡುಗೋದು ಹೆಚ್ಚಾಗಿ ಹೊಸ ಲಿವರನ್ನು ದೇಹ ತಳ್ಳಿಹಾಕದಂತೆ ಕೊಡುವ ಮಾತ್ರೆ ಟ್ಯಾಕ್ರೋಲಿಮಸ್‌ನಿಂದ, ನೀವೇ ಡೋಸ್ ಕಮ್ಮಿ ಮಾಡಬೇಡಿ, ಡಾಕ್ಟರಿಗೆ ಹೇಳಿ.

ಒಂದು ನನ್ನ ದಡ್ಡತನ ಹೇಳುತ್ತೇನೆ. ಆ ಮಾತ್ರೆ ರಕ್ತದಲ್ಲಿ ಎಷ್ಟಿದೆ ಅಂತ ಲೆವೆಲ್ ನೋಡೋಕೆ ರಕ್ತ ಕೊಡುವ ದಿನ ಬೆಳಗಿನ ಮಾತ್ರೆ ರಕ್ತ ಕೊಟ್ಟ ಮೇಲೆ ತಗೋಬೇಕು, ರಾತ್ರಿ ಮಾತ್ರೆಗೆ 12 ಗಂಟೆ ಆದಾಗ. ನಾನು ಮಾತ್ರೆ ನುಂಗಿ ಎರಡು ತಾಸಿಗೆ ರಕ್ತ ಕೊಟ್ಟೆ, ಲೆವೆಲ್ ಜಾಸ್ತಿ ಬಂತು, ಡೋಸ್ ಇಳಿಸಿದರು, ಮುಂದಿನ ವಾರ ಲಿವರ್ ಎನ್ಜೈಮ್ ಏರಿ ಮತ್ತೆ ಅಡ್ಮಿಟ್! ಇನ್ನೊಂದು, ನಮ್ಮ ಕಡೆ ಬಿಸಿಲಲ್ಲಿ ಮಾತ್ರೆಯನ್ನು ಬೈಕ್ ಡಿಕ್ಕಿಯಲ್ಲಿ ಇಡಬೇಡಿ. ಮೈಕೈ ನೋವು ಅಂತ ಅಂಗಡಿಯಲ್ಲಿ ಕೇಳಿ ನೋವಿನ ಮಾತ್ರೆ ನುಂಗಬೇಡಿ, ಕಿಡ್ನಿಗೆ ಹೊಡೆತ. ಉಳ್ಳಾಗಡ್ಡಿ ನಾನು ಸುಟ್ಟು ತಿನ್ನುತ್ತೇನೆ, ರುಚಿನೇ ಬೇರೆ.

ಬಳ್ಳಾರಿ ಅಕ್ಕ:
ನಾನು ತಮ್ಮನಿಗೆ ಲಿವರ್ ಕೊಟ್ಟವಳು. ಅಮೃತಬಳ್ಳಿ ಮುಟ್ಟಬೇಡಿ, ಕೊರೊನಾ ಟೈಮಲ್ಲಿ ಅದರ ಕಷಾಯ ಕುಡಿದು ಲಿವರ್ ಕೆಟ್ಟವರಿದ್ದಾರೆ, ಅದೂ ಚೆನ್ನಾಗಿದ್ದವರಿಗೆ.

ಒಂದು ಕೇಳಲಾ? ನಿಮ್ಮ ಹೆಂಡತಿಯನ್ನು ನೋಡೋಕೆ ಯಾರಾದರೂ ಬಂದರಾ? ನಮ್ಮನೆಗೆ ಬಂದವರೆಲ್ಲ ತಮ್ಮನ ಕೈಗೆ ಸೇಬು ಕೊಟ್ಟು, ನನಗೆ ಚಹಾ ಮಾಡಮ್ಮ ಅಂದರು. ಲಿವರ್ ಎರಡು ಮೂರು ತಿಂಗಳಲ್ಲಿ ಬೆಳೆಯುತ್ತೆ, ಸರಿ. ಆದರೆ ಗಾಯ ಸೆಳೆಯೋದು, ಬೇಗ ಸುಸ್ತಾಗೋದು ಯಾರಿಗೂ ಕಾಣಲ್ಲ. ಅವರು ಬೇಡ ಅನ್ನೋದಕ್ಕೆ ಬರೀ ನಿಮ್ಮ ಧೂಳೇ ಕಾರಣ ಅಂದುಕೊಳ್ಳಬೇಡಿ. ನೀವು ಹೋದರೆ ಮನೆ ಕೆಲಸ ಪೂರ್ತಿ ಅವರ ಮೇಲೆ ಬೀಳುತ್ತೆ ಅಲ್ವಾ?

ಗಂಗಾವತಿ ಸೋನಾ:
ಅಕ್ಕ, ಓದಿ ಅವಳನ್ನು ಕೇಳಿದೆ. ಕೊಡ ಎತ್ತಿದರೆ ಇನ್ನೂ ನೋವಂತೆ, 7 ತಿಂಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಈಗ ನೀರು ತರೋಕೆ ತಮ್ಮನ ಮಗನಿಗೆ ಹೇಳಿದ್ದೇನೆ. ಅವಳನ್ನೂ ಈ ಸಲ ಚೆಕಪ್‌ಗೆ ತೋರಿಸುತ್ತೇನೆ. ಮಾಲೀಕರು ಒಳಗಿನ ಕೆಲಸ, ಅರ್ಧ ದಿನ ಅಂದಿದ್ದಾರೆ, ಡಾಕ್ಟರ್ ಹೂಂ ಅಂದ ಮೇಲೆ. ಅಮೃತಬಳ್ಳಿ ಕಿತ್ತರೆ ಮಾವನಿಗೆ ಬೇಜಾರು, ಅದಕ್ಕೆ ಸುಮ್ನೆ ಆ ಕಡೆ ಮೇಕೆ ಬಿಟ್ಟಿದ್ದೇನೆ.