ಜೋಡಿ ಎತ್ತಿನ ಮಾರುಕಟ್ಟೆ ಮಾದರಿ: ಬೆಲೆ ಒಂದು ಕಡೆ ನಿಲ್ಲುತ್ತಿಲ್ಲ

ಪ್ರಶ್ನೆ (ತುಮಕೂರು):
ಸಿದ್ಧಗಂಗೆ ದನಗಳ ಪರಿಷೆಯಂಥದ್ದೊಂದು ಸಣ್ಣ ಮಾರುಕಟ್ಟೆಯನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. ಎತ್ತು ಎರಡು, ಗಿರಾಕಿ ಇಬ್ಬರು. ಮೊದಲನೆಯವರಿಗೆ ಜೋಡಿಯೇ ಬೇಕು, 1,00,000 ರೂ. ತನಕ ಕೊಡುತ್ತಾರೆ, ಒಂಟಿ ಎತ್ತು ಬೇಡ. ಎರಡನೆಯವರಿಗೆ ಯಾವುದಾದರೂ ಒಂದು ಸಾಕು, 60,000. ಕೇಳುವವರು ಹೆಚ್ಚಾದರೆ 500 ಏರಿಸು, ಯಾರೂ ಕೇಳದಿದ್ದರೆ 500 ಇಳಿಸು. ಎರಡೂ ಬೆಲೆ 50,000ದ ಆಸುಪಾಸಿನಲ್ಲೇ ಏರಿಳಿಯುತ್ತಿವೆ. ಹೆಜ್ಜೆ 100 ಮಾಡಿದರೂ ಅಷ್ಟೇ.

ಉತ್ತರ:
ಕೋಡ್ ಸರಿಯಿದೆ ಸಾರ್, ಈ ಲೆಕ್ಕಕ್ಕೆ ಸಮತೋಲನ ಬೆಲೆಯೇ ಇಲ್ಲ, ಅಂದರೆ ಕೇಳಿದವರಿಗೆಲ್ಲ ಸಿಕ್ಕಿ, ಬೆಲೆಯಿರುವ ಎತ್ತು ಯಾವುದೂ ಉಳಿಯದಂಥ ಬೆಲೆ. ಜೋಡಿ ಮೊದಲನೆಯವರಿಗೆ ಸಿಗಬೇಕಾದರೆ ಎರಡನೆಯವರು ಎರಡನ್ನೂ ಬೇಡ ಅನ್ನಬೇಕು, ಅಂದರೆ ಒಂದೊಂದೂ 60,000ಕ್ಕೆ ಕಮ್ಮಿ ಇರಬಾರದು. ಅಲ್ಲಿಗೆ ಜೋಡಿ 1,20,000 ಆಯಿತು. ಒಂದನ್ನು ಎರಡನೆಯವರಿಗೆ ಕೊಟ್ಟರೆ ಉಳಿದ ಒಂಟಿಯ ಬೆಲೆ ಸೊನ್ನೆಗೆ ಬೀಳಬೇಕು. ಬಿದ್ದ ಕೂಡಲೇ ಜೋಡಿ ಗಿರಾಕಿ ವಾಪಸ್ ಬರುತ್ತಾರೆ.

ಮುಂದೆ ಬೆಲೆ ಓಡಿಸುವ ಮೊದಲೇ ಇದನ್ನು ಪತ್ತೆಮಾಡಿ. ಲಿನ್‌ಪ್ರಾಗ್‌ಗೆ (linprog, ಮಿತಿಗಳೊಳಗೆ ಅತ್ಯುತ್ತಮ ಹಂಚಿಕೆ ಹುಡುಕುವ ಪೈಥಾನ್ ಸಲಕರಣೆ) ಮೂರು ಚರ ಕೊಡಿ: ಜೋಡಿ ಒಬ್ಬರಿಗೆ, ಒಂದೊಂದು ಎತ್ತು ಇನ್ನೊಬ್ಬರಿಗೆ. ಪ್ರತಿ ಎತ್ತಿಗೂ ಪ್ರತಿ ಗಿರಾಕಿಗೂ ಮಿತಿ 1. ಅದು ಕನಿಷ್ಠವನ್ನು ಹುಡುಕುತ್ತದೆ, ಮೌಲ್ಯಗಳಿಗೆ ಋಣ ಚಿಹ್ನೆ ಹಾಕುವುದನ್ನು ಮರೆಯಬೇಡಿ. ಉತ್ತರ 1,10,000 ಬರುತ್ತದೆ, ಎಲ್ಲವೂ ಅರ್ಧರ್ಧ ಹಂಚಿಕೊಂಡು. ಎತ್ತನ್ನು ಸೀಳದೆ ಹಂಚಿದರೆ ಸಿಗುವುದು 1,00,000 ಮಾತ್ರ. ಈ ಎರಡು ಮೊತ್ತ ಸಮವಾದಾಗ ಮಾತ್ರ ಸಮತೋಲನ ಉಂಟು ಎಂದು ಸಂಶೋಧಕರಾದ ಬಿಖ್‌ಚಂದಾನಿ, ಮೇಮರ್ 1997ರಲ್ಲಿ ತೋರಿಸಿದ್ದಾರೆ. ಇಲ್ಲಿ ನೆರಳು ಬೆಲೆ (ಎತ್ತಿನ ಮಿತಿಯನ್ನು ಚೂರು ಸಡಿಲಿಸಿದರೆ ಮೊತ್ತ ಏರುವ ದರ) ಎತ್ತಿಗೆ 50,000. ನಿಮ್ಮ ಬೆಲೆ ಅಲ್ಲೇ ಸುತ್ತುವುದು ಅದಕ್ಕೇ.

ಪರಿಹಾರ: ಜೋಡಿಯನ್ನು ಒಂದೇ ವಸ್ತು ಅಂತ ಮಾರಿ, 60,000ದಿಂದ 1,00,000ದ ನಡುವಿನ ಯಾವ ಬೆಲೆಯೂ ನಿಲ್ಲುತ್ತದೆ. ಇಲ್ಲವೇ ಅಂಥದ್ದೇ ಮೂರನೇ ಎತ್ತು ಸೇರಿಸಿ. ಆಗ ಬಿಡಿಯಾಗಿಯೂ 50,000ದೊಳಗಿನ ಒಂದೇ ಬೆಲೆಗೆ ಮೂರೂ ಹೋಗುತ್ತವೆ.

ಪ್ರಶ್ನೆ:
ಜೋಡಿ ತೆಗೆದುಹಾಕಿದೆ. ಎತ್ತು ಒಂದು, ಇಬ್ಬರಿಗೂ ಅದರ ಬೆಲೆ 80,000, ಇಬ್ಬರ ಕೈಯಲ್ಲೂ 50,000. ಮತ್ತೆ ಕುಣಿತ.

ಉತ್ತರ:
ಈಗ ತೊಡಕು ದುಡ್ಡಿನದು. 50,000ಕ್ಕೆ ಇಬ್ಬರೂ ಬೇಕು ಅನ್ನುತ್ತಾರೆ, 50,001ಕ್ಕೆ ಇಬ್ಬರಿಗೂ ಆಗುವುದಿಲ್ಲ. ಎಲ್ಲರ ಕೈಯಲ್ಲೂ ಸಾಕಷ್ಟು ಹಣವಿದೆ ಅನ್ನುವುದು ಈ ಸಿದ್ಧಾಂತದ ಅಡಿಪಾಯ. ನಗದಿಗೆ ಗೋಡೆ ಕಟ್ಟಿದರೆ ಅದು ಕುಸಿಯುತ್ತದೆ. ಗೋಡೆ ಬದಲು ಸಾಲ ಕೊಡಿ: 50,000ದ ಮೇಲಿನ ಪ್ರತಿ ರೂಪಾಯಿಯನ್ನು 1.20 ಎಂದು ಲೆಕ್ಕ ಹಿಡಿಯಿರಿ. ಬೆಲೆ 75,000ಕ್ಕೆ ನಿಲ್ಲುತ್ತದೆ; ಅಲ್ಲಿ ಕೊಂಡರೂ ಬಿಟ್ಟರೂ ಇಬ್ಬರಿಗೂ ಒಂದೇ, ಹಾಗಾಗಿ ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರ ತಕರಾರಿಲ್ಲ. ಸಮ ಬಂದಾಗ ಚೀಟಿ ಎತ್ತುವ ಸಾಲೊಂದನ್ನು ಕೋಡ್‌ನಲ್ಲಿ ಸೇರಿಸಿ.